ಅಕ್ಕನನ್ನು ಕರೆದ ಊರಿಗೆ ನಾನು ಹೋದೆ

ಫ್ರಾನ್ಸ್ ದೇಶದ ನಡುಭಾಗದಲ್ಲಿ ಬೆಂಕಿ ಆರಿಹೋದ ಬೆಟ್ಟಗಳ ನಾಡೊಂದಿದೆ. ಅದನ್ನು ನೋಡಲು ಬರುವವರು ನೆನಪಿಗೆಂದು ಕೊಂಡುಹೋಗುವ ಬನಿಯನ್‌ಗಳು ತಿರುಪ್ಪೂರಿನಲ್ಲಿ, ನಾವು ಕೆಲಸ ಮಾಡುವ ಕಂಪನಿಯಲ್ಲಿ ತಯಾರಾಗುತ್ತವೆ. ನಾನು ಚೆಕಿಂಗ್ ಮೇಜಿನ ಮುಂದೆ ನಿಲ್ಲುತ್ತೇನೆ. ಅಕ್ಕ ಅದೇ ಮೇಜಿನ ತುದಿಯಲ್ಲಿ ಸ್ಟೂಲಿನ ಮೇಲೆ ಕೂತು ಪಿಸಿರು ಕತ್ತರಿಸುತ್ತಾಳೆ, ಅಂದರೆ ಹೊಲಿಗೆಯಿಂದ ಹೊರಗೆ ಉಳಿದ ನೂಲಿನ ತುಂಡುಗಳನ್ನು. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೋ ಬಂದು ಅವಳ ಬಲಗಾಲು ಕಡ್ಡಿಯಾಗಿ ಉಳಿದಿದೆ. ನಿಂತು ಮಾಡುವ ಕೆಲಸ ಅವಳಿಂದಾಗದು.

ಆ ಬನಿಯನ್ ಮೇಲೆ ಆರು ಚಿತ್ರಗಳು. ತುದಿಯನ್ನು ಚಮಚದಲ್ಲಿ ತೋಡಿ ತೆಗೆದಂತಿರುವ ಬೆಟ್ಟಗಳ ಸಾಲು, ಬೆಟ್ಟ ಹತ್ತುವ ಪುಟ್ಟ ರೈಲು, ಒಂದು ದುಂಡು ಕೆರೆ, ಕಪ್ಪು ಕಲ್ಲಿನ ಚರ್ಚು, ಬಂಡಿಗಾಲಿಯಂಥ ಚೀಸ್, ಕುರಿಗಳು. ಕೆಳಗೆ ಆ ದೇಶದ ಭಾಷೆಯಲ್ಲಿ ಏನೋ ಬರೆದಿತ್ತು. ನಾನು ಆರು ವರ್ಷ ಆ ಚಿತ್ರಗಳನ್ನು ನೋಡಿದ್ದು ಬಣ್ಣ ಹರಡಿದೆಯೇ ಎಂದು ಮಾತ್ರ. ಅಕ್ಕ ಹಾಗಲ್ಲ. ಆಫೀಸಿನಿಂದ ಆರ್ಡರು ನೋಡಿಕೊಳ್ಳಲು ಬರುತ್ತಿದ್ದ ಹುಡುಗನ ಬೆನ್ನು ಹತ್ತಿ, ಅವನ ಫೋನಿನಲ್ಲಿ ಹುಡುಕಿಸಿ, ಒಂದೊಂದರ ಕಥೆಯನ್ನೂ ತಮಿಳಿನಲ್ಲಿ ಹೇಳಿಸಿಕೊಂಡಳು. ಆಮೇಲೆ ದಿನವಿಡೀ ಅದೇ ಮಾತು.

"ನೋಡ್ಡೀ, ಬೆಟ್ಟ ಒಡೆದು ಕುಣಿ ಬಿತ್ತಂತೆ. ಆ ಕುಣಿಯಲ್ಲಿ ನಿಂತ ನೀರೇ ಈ ಕೆರೆಯಂತೆ."

ಟೈಲರುಗಳು ಕೆಣಕುತ್ತಿದ್ದರು. "ಅಕ್ಕಾ, ಸಾಯಂಕಾಲ ವ್ಯಾನ್ ಹತ್ತಿ ಅಲ್ಲಿಗೇ ಹೋಗ್ಬಿಡ್ತೀಯಾ?"

"ಹೋಗ್ತೀನಿ. ನಿನ್ನ ಹೆಂಡತಿಗೆ ಒಂದು ಚೀಸ್ ಹೊತ್ಕೊಂಡು ಬರ್ಲಾ?" ಎನ್ನುತ್ತಿದ್ದಳು ಅಕ್ಕ, ಕತ್ತರಿ ನಿಲ್ಲಿಸದೆ.

ಒಂದು ವರ್ಷ ಮಕ್ಕಳ ಬನಿಯನ್‌ಗೆ ಕೈಯಲ್ಲಿ ಒಂದು ಕುರಿ ಹೊಲಿಯಬೇಕೆಂದು ಆರ್ಡರು ಬಂತು. ಅಕ್ಕನಿಗೆ ಕೈಕಸೂತಿ ಚೆನ್ನಾಗಿ ಬರುತ್ತದೆ. ಅವಳು ಹೊಲಿದ ಕುರಿ ನಮ್ಮ ಕಡೆ ಬೆನ್ನು ತಿರುಗಿಸಿ ಬೆಟ್ಟ ನೋಡುತ್ತಿತ್ತು. ಬನಿಯನ್ ಕೊಳ್ಳುವ ಮೇಡಂ, ಅರವತ್ತು ದಾಟಿದ ಬಿಳಿ ಕೂದಲಿನ ಹೆಂಗಸು, ಆ ಸಲ ಕಂಪನಿಗೆ ಬಂದಾಗ ಅದನ್ನು ಕಂಡು ಜೋರಾಗಿ ನಕ್ಕರು. ಅಕ್ಕನ ಸ್ಟೂಲಿನ ಪಕ್ಕ ತುಂಬ ಹೊತ್ತು ನಿಂತರು. ಬೇಸಿಗೆಯಲ್ಲಿ ಅವರ ಊರಿನಲ್ಲಿ ಕೈಕೆಲಸದವರನ್ನು ಕೂರಿಸಿ ಜನರಿಗೆ ತೋರಿಸುತ್ತಾರಂತೆ. ಅಲ್ಲಿ ಬಂದು ಕೂರುತ್ತೀಯಾ ಎಂದು ಅಕ್ಕನನ್ನು ಕೇಳಿದರು. ಹೂಂ ಎಂದು ಅಕ್ಕ ತಲೆಯಾಡಿಸಿದ ರೀತಿಗೆ ಇಡೀ ಹೊಲಿಗೆ ಲೈನು ನಕ್ಕಿತು.

ಇಲ್ಲಿ ನನ್ನ ವಿಷಯ ಹೇಳಬೇಕು. ಹುಟ್ಟಿದ್ದು ತಿರುಪ್ಪೂರಿನ ಕಡೆಯ ಕುನ್ನತ್ತೂರಿನ ಹತ್ತಿರ, ಮನೆಮಾತು ಕನ್ನಡ. ಅಪ್ಪ ನೇಕಾರ. ಮಗ್ಗದ ಪಕ್ಕ ಕೂರಿಸಿಕೊಂಡು ಅಪ್ಪ ನನಗೆ ಕನ್ನಡ ಅಕ್ಷರ ಕಲಿಸಿದ. ಕುಂಟಿಗೆ ಸ್ಕೂಲಿನ ತಮಿಳಲ್ಲದೆ ಕನ್ನಡವೂ ಎಂದು ಎರಡೆರಡು ಓದು ಯಾಕೆ ಎಂದು ಅಕ್ಕನಿಗೆ ಕಲಿಸಲಿಲ್ಲ. ಸ್ಕೂಲಿಗೆ ಹೋಗುವಾಗ ಅವಳ ಚೀಲ ನನ್ನ ಹೆಗಲಿಗೆ, ಅವಳ ಕೈ ನನ್ನ ಇನ್ನೊಂದು ಹೆಗಲಿಗೆ. ಎಂಟನೇ ಕ್ಲಾಸಿಗೆ ನನ್ನನ್ನು ಬಿಡಿಸಿದರು, ಮನೆಯಲ್ಲಿ ಅವಳನ್ನು ನೋಡಿಕೊಳ್ಳಲು. ಹೆಣ್ಣು ಕೇಳಿಕೊಂಡು ಬಂದವರಿಗೆ ಅಮ್ಮ, "ಇವಳನ್ನ ಕೊಟ್ಬಿಟ್ರೆ ಅವಳನ್ನ ಯಾರು ನೋಡೋದು?" ಎಂದು ಹೇಳಿ ಕಳಿಸಿದಳು. ಅಪ್ಪ ಅಮ್ಮ ಹೋದ ಮೇಲೆ ಒಂದು ಬಾಡಿಗೆ ಕೋಣೆಯಲ್ಲಿ ನಾವಿಬ್ಬರೇ. ಬೀದಿಯಲ್ಲಿ ನನಗೆ ಇರುವ ಗುರುತು ಒಂದೇ, ನೊಂಡಿಯ ತಂಗಿ. ತಮಿಳಿನಲ್ಲಿ ಕುಂಟಿಯನ್ನು ಹಾಗೆನ್ನುತ್ತಾರೆ. ಇದು ನೆಪವಲ್ಲ. ಮಾಡಿದ್ದನ್ನು ಹೇಳುವ ಮೊದಲು ಯಾಕೆ ಮಾಡಿದೆನೆಂದು ಹೇಳುತ್ತಿದ್ದೇನೆ.

ಮೇಡಂ ಪತ್ರ ಕಳಿಸಿದರು. ಊಟದ ಹೊತ್ತಿನಲ್ಲಿ ಆಫೀಸಿನ ಹುಡುಗ ನನ್ನನ್ನು ಕರೆದ. ಅಕ್ಕ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಊಟದ ಹೊತ್ತು ಮುಗಿಯುತ್ತದೆ, ಅದಕ್ಕೇ ನನ್ನನ್ನು. "ನಿಮ್ಮಿಬ್ಬರಿಗೂ ಟಿಕೆಟ್ ಕಳಿಸ್ತಾರೆ. ಅಕ್ಕನಿಗೆ ಅಲ್ಲಿ ಗಾಲಿ ಕುರ್ಚಿ ಹೇಳಿಟ್ಟಿದ್ದಾರೆ. ನೀನು ತಳ್ಳಬೇಕು, ಅಷ್ಟೇ," ಎಂದ.

ನೀನು ತಳ್ಳಬೇಕು. ಅಲ್ಲಿಗೆ ಹೋದರೂ ನಾನು ತಳ್ಳಬೇಕು.

"ಅಕ್ಕ ಬರಲ್ಲ. ಅವಳಿಗೆ ವಿಮಾನ ಅಂದ್ರೆ ಭಯ. ನಾನೊಬ್ಬಳೇ ಬರ್ತೀನಿ, ಆ ಹೊಲಿಗೆ ನನಗೂ ಬರುತ್ತೆ ಅಂತ ಬರಿ," ಎಂದೆ. ಅವನು ಬರೆದ. ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು ಸಾಕಾಯಿತು. ಆ ಹುಡುಗ ಅದೇ ತಿಂಗಳು ಬೇರೆ ಕಂಪನಿ ಸೇರಿದ.

ಕೆಳಗೆ ಬಂದು ಅಕ್ಕನಿಗೆ ಹೇಳಿದೆ: "ಒಬ್ಬರಿಗೆ ಮಾತ್ರ ಅಂತೆ. ನೊಂಡಿ ಬೇಡವಂತೆ. ಅಲ್ಲೆಲ್ಲಾ ಮೆಟ್ಟಿಲಂತೆ."

"ಆ ಮೇಡಮ್ಮೇ ಹಂಗಂದ್ರಾ?"

"ಅವರೇ."

ಅವರ ಬಾಯಿಂದ ಬಂತೆಂದು ನೊಂಡಿ ಎಂಬ ಮಾತನ್ನು ಹೇಳಬೇಕಾದ ಅಗತ್ಯವಿರಲಿಲ್ಲ. ಮೆಟ್ಟಿಲು ಎಂದಿದ್ದರೆ ಸಾಕಿತ್ತು. ಆದರೂ ಹೇಳಿದೆ. ಹೇಳುವಾಗ ನನಗೆ ಹಾಯೆನಿಸಿತು. ಈಗ ಇದನ್ನು ಅವಳ ಎದುರಿಗೇ ಕೂತು ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಅಕ್ಷರ ಬಾರದು.

ಆ ದಿನ ಅಕ್ಕನ ಕತ್ತರಿ ಎರಡು ಬನಿಯನ್ ಬಟ್ಟೆಯನ್ನೇ ಕತ್ತರಿಸಿತು, ಸೂಪರ್‌ವೈಸರ್ ಬೈದ. ಮರುದಿನದಿಂದ ಅವಳು ಮನೆಯಲ್ಲಿ ನನಗೆ ಕುರಿ ಹೊಲಿಯುವುದನ್ನು ಕಲಿಸತೊಡಗಿದಳು. ನನಗೆ ಬರಲಿಲ್ಲ. "ನಿನ್ನ ಕುರೀಗೂ ನನ್ನ ಕಾಲೇ ಬಂದಿದೆ ನೋಡು," ಎಂದು ನಕ್ಕಳು. ಕೊನೆಗೆ ತಾನೇ ನಲವತ್ತು ತುಂಡು ಬಟ್ಟೆಯ ಮೇಲೆ ಹೊಲಿದುಕೊಟ್ಟಳು, ನನ್ನದೆಂದು ತೋರಿಸಲು.

ಹನ್ನೊಂದು ದಿನ ಅಲ್ಲಿದ್ದೆ. ಮೊದಲ ದಿನ ಜನರ ಮುಂದೆ ಕೂತು ನಾನು ಹೊಲಿದದ್ದನ್ನೂ, ಚೀಲದಿಂದ ತೆಗೆದಿಟ್ಟ ನಲವತ್ತನ್ನೂ ಮೇಡಂ ನೋಡಿದರು. ಮರುದಿನ ಅಕ್ಕನ ಬಟ್ಟೆಗಳನ್ನು ಮಾತ್ರ ಮೇಜಿನ ಮೇಲೆ ಹರಡಿ, ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಊರು ತೋರಿಸಲು ಹೊರಟರು. ಬಂದ ನೆಂಟರಿಗೆ ಮಾಡಲೇಬೇಕಾದ ಮರ್ಯಾದೆ ಅದು, ಅಷ್ಟೇ. ನನಗೆ ಅದರಿಂದ ನಾಚಿಕೆಯಾಗಲಿಲ್ಲ. ಎರಡೂ ಕೈ ಬೀಸಿಕೊಂಡು ನಡೆದೆ. ಯಾರಿಗೂ ಹೆಗಲು ಕೊಡದೆ, ಹಿಂದೆ ತಿರುಗಿ ನಿಲ್ಲದೆ ನಡೆದೆ. ನಾಲ್ಕು ದಿನ ಅಕ್ಕ ಒಂದು ಸಲವೂ ನೆನಪಾಗಲಿಲ್ಲ.

ಐದನೆಯ ದಿನ ಆ ರೈಲಿನಲ್ಲಿ ಎಲ್ಲಕ್ಕಿಂತ ಎತ್ತರದ ಬೆಟ್ಟಕ್ಕೆ ಹೋದೆವು. ಹಳಿಗಳ ನಡುವೆ ಹಲ್ಲಿನ ಕಂಬಿ, ರೈಲಿನ ಅಡಿಯಲ್ಲಿ ಹಲ್ಲಿನ ಚಕ್ರ, ಒಂದನ್ನೊಂದು ಕಚ್ಚಿಕೊಂಡು ಬೆಟ್ಟವನ್ನು ಸುತ್ತಿ ಮೇಲೇರುತ್ತವೆ. ತುದಿಯಲ್ಲಿ ಬಾಗಿಲು ತೆರೆದಾಗ ನಮ್ಮ ಡಬ್ಬಿಯಿಂದಲೇ ಒಬ್ಬ ಮುದುಕನನ್ನು ಗಾಲಿ ಕುರ್ಚಿಯಲ್ಲಿ ಇಳಿಸಿದರು. ಒಂದು ಮೆಟ್ಟಿಲೂ ಇರಲಿಲ್ಲ. ಮೇಡಂ ತಮ್ಮ ಫೋನಿಗೆ ಏನೋ ಹೇಳಿ ನನ್ನ ಮುಂದೆ ಹಿಡಿದರು. ಫೋನು ತಮಿಳಿನಲ್ಲಿ ಕೇಳಿತು: "ನಿಮ್ಮ ಅಕ್ಕನಿಗೆ ಇಂಥದೇ ಕುರ್ಚಿ ಹೇಳಿಟ್ಟಿದ್ದೆ. ಅವರು ಯಾಕೆ ಭಯಪಟ್ಟರು?"

"ಅವಳು ಹಾಗೇ," ಎಂದೆ.

ವಾಪಸು ಬಂದ ದಿನ ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. ನಾನು ಕೈಕಾಲು ತೊಳೆಯಲಿಕ್ಕೂ ಬಿಡದೆ, "ಏನೇನು ನೋಡ್ದೆ, ಹೇಳು," ಎಂದಳು.

"ಏನೂ ಇಲ್ಲಕ್ಕ. ಚುಮ್ಮಾ, ಬರೀ ಮಣ್ಣು ಗುಡ್ಡ, ಮೇಲೆ ಹುಲ್ಲು. ಪೆರಿಯನಾಯಕನಪಾಳ್ಯಂ ರೋಡಲ್ಲಿ ಹೋದ್ರೆ ಬೆಟ್ಟ ಕಾಣುತ್ತಲ್ಲ, ಅದೇ ಎಷ್ಟೋ ವಾಸಿ. ಬನಿಯನ್ ಮೇಲೆ ಚೆಂದ ಮಾಡಿ ಹಾಕ್ತಾರೆ, ಅಷ್ಟೇ."

"ಕೆರೆ?"

"ಕೆರೆ ಎಲ್ಲಿ ಬಂತು, ಒಂದು ಕುಂಟೆ ಅಷ್ಟೇ."

ಫೋಟೋಗಳನ್ನು ವಿಮಾನದಲ್ಲೇ ಅಳಿಸಿಹಾಕಿದ್ದೆ. ಅವಳಿಗಾಗಿ, ಅವಳ ಆಸೆ ಕೆರಳದಿರಲೆಂದೇ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದಲ್ಲ. ಹೇಳಿದರೆ ಅದು ಅವಳದೂ ಆಗುತ್ತಿತ್ತು. ಅದೊಂದಾದರೂ ನನ್ನೊಬ್ಬಳದಾಗಿರಲಿ ಎಂದು. ಅಕ್ಕ ಆಮೇಲೆ ಮೇಜಿನ ಹತ್ತಿರ ಆ ಚಿತ್ರಗಳ ಮಾತೆತ್ತಲಿಲ್ಲ. ಟೈಲರುಗಳು ಕೆಣಕಿದರೆ, "ಅದು ಮಣ್ಣು ಗುಡ್ಡ ಕಣಪ್ಪ, ನನ್ನ ತಂಗಿ ನೋಡಿ ಬಂದ್ಳಲ್ಲ," ಎನ್ನುತ್ತಿದ್ದಳು.

ಮುಂದಿನ ವರ್ಷ ಮೇಡಂ ಬಂದರು. ನೇರ ಅಕ್ಕನ ಸ್ಟೂಲಿನ ಹತ್ತಿರ ಹೋಗಿ ಫೋನು ಹಿಡಿದರು. ಮೇಜಿನ ಈ ತುದಿಯಲ್ಲಿದ್ದ ನನಗೂ ಅದರ ತಮಿಳು ಕೇಳಿಸಿತು. "ಕಳೆದ ಸಲ ನಿಮ್ಮಿಬ್ಬರನ್ನೂ ಕರೆದಿದ್ದೆ. ನಿಮಗೆ ಕುರ್ಚಿಯೂ ಇಟ್ಟಿದ್ದೆ. ನೀವು ಬೇಡ ಎಂದಿರಿ. ಈ ಬೇಸಿಗೆಯಲ್ಲಿ ಬರುತ್ತೀರಾ?"

ಅಕ್ಕ ನನ್ನ ಕಡೆ ನೋಡಲಿಲ್ಲ. ಫೋನಿಗೆ ಬಾಯಿ ಹತ್ತಿರ ತಂದು ಹೇಳಿದಳು: "ಹೌದು, ನಾನೇ ಬೇಡ ಅಂದೆ. ಈ ಸಲ ಯೋಚನೆ ಮಾಡಿ ಶನಿವಾರ ಹೇಳ್ತೀನಿ."

ಮನೆಗೆ ಬಂದ ಮೇಲೆ ನಾನು ಅವಳ ಕಾಲು ಹಿಡಿಯಲು ಬಗ್ಗಿದೆ. ಕಡ್ಡಿಯಂಥ ಕಾಲನ್ನು ಕೈಯಲ್ಲೆತ್ತಿ ಆಚೆ ಇಟ್ಟುಕೊಂಡಳು.

"ಎಲ್ಲರೆದುರೂ ನನ್ನ ಮಾನ ಉಳಿಸ್ದೆ ಅಕ್ಕಾ," ಎಂದೆ.

"ನಿನ್ನ ಮಾನಕ್ಕಲ್ಲಡೀ. ಅಲ್ಲೇ ಕೇಳಿದ್ರೆ ನೀನು ನಾಲ್ಕು ಜನರೆದುರು ಅತ್ತು ಮುಗಿಸ್ಬಿಡ್ತಿದ್ದೆ. ಅಯ್ಯೋ ಪಾವಂ ಅಂತ ಅವರೇ ನಿನ್ನ ಕಣ್ಣೊರೆಸ್ತಿದ್ರು. ಕೂತ್ಕೋ. ಶನಿವಾರಕ್ಕೆ ಮೂರು ದಿನ ಇದೆ. ಎಲ್ಲಾ ಹೇಳು. ಒಂದೂ ಬಿಡಬೇಡ."

ಮೂರು ದಿನ ಹೇಳಿದೆ. ಕಂಪನಿಯ ವ್ಯಾನಿನಲ್ಲಿ, ಅನ್ನ ಬೇಯುವಾಗ, ಅವಳ ಬೆನ್ನು ತಿಕ್ಕುವಾಗ. ಪೊಲೀಸರು ಕೇಳುವ ಹಾಗೆ ಕೇಳಿದಳು.

"ಕೆರೆ ಸುತ್ತ ಎಷ್ಟು ದೂರ?"

"ಸುತ್ತಿ ಬರಕ್ಕೆ ಮುಕ್ಕಾಲು ಗಂಟೆ ಹಿಡೀತು. ಸುತ್ತಲೂ ಮರ. ನೀರು ಅಲ್ಲಾಡೋದೇ ಇಲ್ಲ, ತಟ್ಟೆಯಲ್ಲಿ ಇಟ್ಟ ಹಾಗೆ. ಆಳ ತುಂಬ ಅಂತೆ."

"ಬನಿಯನ್‌ನಲ್ಲಿರೋ ನೀಲೀನಾ?"

"ಅಲ್ಲ. ಕಪ್ಪು ಕಲೆಸಿದ ಹಸಿರು."

"ಆರು ವರ್ಷ ತಪ್ಪು ಬಣ್ಣ ಪಾಸ್ ಮಾಡಿದೀಯ, ಚೆಕರ್ರು! ಮುಂದೆ."

ಕಪ್ಪು ಚರ್ಚು ಬೆಟ್ಟದಿಂದ ಹರಿದು ಬಂದ ಬೆಂಕಿಯೇ ಗಟ್ಟಿಯಾದ ಕಲ್ಲಿನದು, ಮಧ್ಯಾಹ್ನದ ಬಿಸಿಲಲ್ಲೂ ಒಳಗೆ ತಣ್ಣಗೆ, ಕಂಬದ ತಲೆಯಲ್ಲಿ ಕುರಿ ಹೊತ್ತ ಮನುಷ್ಯನನ್ನು ಕೆತ್ತಿದ್ದಾರೆ ಎಂದೆ. ಸೀಳಿದ ಬೆಟ್ಟವೊಂದರ ಹೊಟ್ಟೆಯೊಳಗೆ ನಡೆದುಹೋದದ್ದನ್ನು ಹೇಳಿದೆ. ಒಂದು ಕಡೆ ಗೋಡೆ ಇಟ್ಟಿಗೆ ಪುಡಿಯಂತೆ ಕೆಂಪು, ಒಂದು ಕಡೆ ಇದ್ದಿಲಿನಂತೆ ಕಪ್ಪು, ಕಾಲಿಟ್ಟರೆ ಜರಜರ ಸದ್ದು. ಚೀಸಿನ ನೆಲಮಾಳಿಗೆಯನ್ನು ಹೇಳಿದೆ: ಮೆದು ಕಲ್ಲನ್ನು ಕೊರೆದ ಗುಹೆ, ಒಣಹುಲ್ಲಿನ ಮೇಲೆ ಸಾಲು ಸಾಲು ಚೀಸ್, ಒದ್ದೆ ಗೋಣಿಚೀಲದ ವಾಸನೆ. ಅಲ್ಲಿನ ಮುದುಕ ನನ್ನ ಕೈಯಲ್ಲಿ ಒಂದನ್ನು ತಿರುವಿ ಹಾಕಿಸಿದ.

"ಭಾರ ಇತ್ತಾ?"

"ಮೂರು ತಿಂಗಳ ಮಗುವನ್ನ ಎತ್ತಿ ಮಗ್ಗುಲು ಬದಲಿಸಿದ ಹಾಗಿತ್ತು."

ಆ ರೈಲಿನ ಬೆಟ್ಟದ ತುದಿಯಿಂದ ಜನ ಬಟ್ಟೆಯ ರೆಕ್ಕೆ ಕಟ್ಟಿಕೊಂಡು ಗಾಳಿಗೆ ಹಾರುವುದನ್ನು ಹೇಳಿದೆ. ಅವರ ಕಾಲ ಕೆಳಗೆ ತೋಡಿದ ತಲೆಯ ಬೆಟ್ಟಗಳು ಒಂದರ ಹಿಂದೊಂದು, ಬಟ್ಟಲು ಜೋಡಿಸಿಟ್ಟ ಹಾಗೆ, ಬಟ್ಟಲೊಳಗೆಲ್ಲ ಹುಲ್ಲು, ಹುಲ್ಲಲ್ಲಿ ಕುರಿಗಳು. ನೆಲದಿಂದ ತಾನಾಗಿ ಬಿಸಿನೀರು ಉಕ್ಕುವ ಊರನ್ನು ಹೇಳಿದೆ. ನೀರು ಸೋಡಾದ ಹಾಗೆ ಗುಳುಗುಳು, ಬಾಯಿಗೆ ಹಾಕಿದರೆ ತುಕ್ಕು ಹಿಡಿದ ಮೊಳೆಯ ರುಚಿ.

"ಯಾಕೆ ಕುಡೀತಾರೆ?"

ನಾನು ಎದ್ದು ಒಲೆ ಸಣ್ಣ ಮಾಡಿದೆ.

"ಯಾಕಂತ ಕೇಳ್ದೆ."

"ಹೊಟ್ಟೆಗೆ ಅಂತೆ. ಆಮೇಲೆ, ತೊಟ್ಟಿ ಕಟ್ಟಿದ್ದಾರೆ. ಕಾಲು ಸೊಂಟ ನೋಯೋರು ಬಂದು ವಾರಗಟ್ಟಲೆ ಅದರಲ್ಲಿ ಕೂರ್ತಾರೆ."

ಅಕ್ಕ ಸೀರೆಯನ್ನು ಮೊಣಕಾಲಿನ ಮೇಲೆ ಎಳೆದುಕೊಂಡಳು. "ಮುಂದೆ," ಎಂದಳು.

ಶುಕ್ರವಾರ ಸಾಯಂಕಾಲ ಹೇಳುವುದು ಮುಗಿಯಿತು. ಅವಳ ಮುಖ ಕೊಂಚ ಬೆಳಗಿದಂತಿತ್ತು. ಹೋಗುತ್ತಾಳೆ ಎಂದುಕೊಂಡೆ. ಪಾಸ್‌ಪೋರ್ಟಿಗೆ ಕೊಯಮತ್ತೂರಿಗೆ ಹೋಗಬೇಕು, ಸೋಮವಾರ ರಜೆ ಹಾಕುತ್ತೇನೆ, ಎಲ್ಲಿಗೆ ಬೇಕಾದರೂ ನಾನೇ ತಳ್ಳುತ್ತೇನೆ ಎಂದೆ. ಅವಳು ಬೇಡವೆನ್ನಲಿಲ್ಲ. ಸೋಮವಾರ ಯಾವ ಬಸ್ಸು ಎಂದೂ ಕೇಳಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಅಲ್ಲಿ ನನ್ನ ನೆನಪಾಯ್ತಾ?"

ಅದೊಂದಕ್ಕೆ ನಿಜ ಹೇಳಿದ್ದರೆ ಏನಾಗುತ್ತಿತ್ತೋ ತಿಳಿಯದು. ನನ್ನ ಬಾಯಿ ತಾನಾಗಿ ತೆರೆಯಿತು. "ಹೆಜ್ಜೆ ಹೆಜ್ಜೆಗೂ ಅಕ್ಕಾ. ಕೆರೆ ನೋಡುವಾಗ ಅಳುವೇ ಬಂತು."

ಅಕ್ಕ ನನ್ನನ್ನು ನೋಡಿದಳು. ಎಳೆ ಬಿಟ್ಟ ಬನಿಯನ್ ನೋಡುವ ಹಾಗೆ, ಎಲ್ಲಿ ಎಂದು ಹುಡುಕುತ್ತಾ.

"ಈಗ್ಲೂ ಹೇಳ್ತೀಯಲ್ಲಡೀ," ಎಂದಳು. "ಅಷ್ಟು ಎತ್ತರದ ಬೆಟ್ಟದ ಮೇಲೆ, ನಾನು ಕೂತ ಕುರ್ಚಿ ನಿನ್ನ ಕೈಗೆ ಕೊಟ್ಟು, ನಿನ್ನ ಕಡೆ ಬೆನ್ನು ಹಾಕಿ ನೋಡ್ತಾ ಕೂರಕ್ಕೆ ನಂಗೇನು ಪೈತ್ಯ ಹಿಡಿದಿದೆಯಾ?"

"ಬೇರೆ ಯಾರನ್ನಾದ್ರೂ ಕರ್ಕೊಂಡು ಹೋಗು. ನಾನು ಬರಲ್ಲ," ಎಂದೆ.

"ಯಾರನ್ನ? ಹೇಳು, ಒಬ್ಬರ ಹೆಸರು ಹೇಳು ನೋಡೋಣ."

ಅವಳ ಬದುಕಿನಲ್ಲಿ ಇನ್ನೊಬ್ಬರಿರದಂತೆ ಅಮ್ಮನೂ ನಾನೂ ನೋಡಿಕೊಂಡಿದ್ದೆವು.

ಶನಿವಾರ ಮೇಡಂ ಬಂದು ಸ್ಟೂಲಿನ ಹತ್ತಿರ ನಿಂತರು. ಅಕ್ಕ ತಲೆಯೆತ್ತದೆ ಕತ್ತರಿಯ ತುದಿಯಿಂದ ನನ್ನ ಕಡೆ ತೋರಿಸಿದಳು. ಇಡೀ ಲೈನು ಕೈ ನಿಲ್ಲಿಸಿ ನೋಡುತ್ತಿತ್ತು. ಮೇಡಂ ಫೋನನ್ನು ನನ್ನ ಬಾಯಿಗೆ ಹಿಡಿದರು. "ಅಕ್ಕ ಬರಲ್ಲ," ಎಂದೆ. ಫೋನು ಅದನ್ನು ಅವರ ಭಾಷೆಯಲ್ಲಿ ಹೇಳಿತು. ಅವರು ನಂಬದೆ ಅಕ್ಕನ ಕಡೆ ತಿರುಗಿದರು. ಅಕ್ಕ ನಕ್ಕು, ಹೌದೆಂದು ತಲೆಯಾಡಿಸಿದಳು. ಮೇಡಂ ಅವಳ ಭುಜ ಮುಟ್ಟಿ, ನನ್ನನ್ನು ದಾಟಿಕೊಂಡು ಆಫೀಸಿನ ಕಡೆ ನಡೆದರು. ಅದಾದ ಮೇಲೆ ಅವರು ಕರೆದಿಲ್ಲ. ಅಕ್ಕನ ಸೊಂಟ ಈಗ ಬಸ್ಸಿನ ಕುಲುಕನ್ನೂ ತಾಳುವುದಿಲ್ಲ.