ಅಂಗಡಿಯಲ್ಲಿ ಬಾರದ ಕೆಮ್ಮು

ಫಿನಾಯಿಲ್ ಅಕ್ಕನ ಮನೆ ಎಲ್ಲಿ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಬೀದಿಯ ತಿರುವಿನಲ್ಲಿ ನಿಂತು ಮೂಗು ಹೇಳಿದ ಕಡೆ ನಡೆದರೆ ಸಾಕಿತ್ತು. ಹೆಸರಿಟ್ಟವಳು ಎದುರುಮನೆಯ ನರ್ಸು. ಅಕ್ಕನಿಗೆ ಅದು ಗೊತ್ತಿತ್ತು, ಬೇಸರವಿರಲಿಲ್ಲ. ಒಳಗೊಳಗೇ ಹೆಮ್ಮೆಯೇ ಇತ್ತೆನ್ನಿ. ಮದುವೆಯಾಗಿ ಹೋದ ಮಗಳು ತವರಿಗೆ ಬಂದಾಗಲೆಲ್ಲ ಬಾಗಿಲಲ್ಲೇ ನಿಂತು, "ಅಮ್ಮಾ, ನೆಲ ಮುಟ್ಟಬಹುದಾ, ಇಲ್ಲಾ ತೇಲ್ಕೊಂಡು ಒಳಗೆ ಬರ್ಲಾ?" ಎಂದು ಕೇಳುತ್ತಿದ್ದಳು.

ಇಂಥ ಮನೆಯಲ್ಲಿ ಅಕ್ಕನ ಗಂಡ ಕೆಮ್ಮತೊಡಗಿದರು. ಅವರದು ಗಡಿಯಾರ ರಿಪೇರಿ ಕೆಲಸ. ಪೇಟೆಯಲ್ಲಿ ಒಂದು ಪುಟ್ಟ ಅಂಗಡಿ. ಸಂಜೆ ಬಾಗಿಲು ಹಾಕಿ ಮನೆಗೆ ಬಂದು ಮಂಚಕ್ಕೆ ಬೆನ್ನು ಹಚ್ಚಿದರೆ ಸಾಕು, ಕೆಮ್ಮು ಶುರುವಾಗುತ್ತಿತ್ತು. ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡಿ, "ದೊಡ್ಡದೇನೂ ಇಲ್ಲ, ಧೂಳಿಂದ ದೂರ ಇರಿ" ಎಂದರು. ಧೂಳು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಕ್ಕ ಟೊಂಕ ಕಟ್ಟಿ ನಿಂತಳು. ಬೆಳಿಗ್ಗೆ, ಸಂಜೆ ಒಂದೊಂದು ಸಲ ಗುಡಿಸುತ್ತಿದ್ದವಳು ಎರಡೆರಡು ಸಲ ಗುಡಿಸತೊಡಗಿದಳು. ಫಿನಾಯಿಲ್ ಜೊತೆಗೆ ಬ್ಲೀಚಿಂಗ್ ಪುಡಿಯೂ ಬಕೆಟ್ಟಿಗೆ ಬಿತ್ತು. "ಎರಡನ್ನೂ ಬೆರೆಸಬೇಡಿ ಅಕ್ಕಾ, ಅದರ ಗಾಳಿ ಒಳ್ಳೇದಲ್ಲ" ಎಂದ ನರ್ಸಿಗೆ ಅಕ್ಕ ಮೂಗು ಮುರಿದಳು. ತನ್ನ ಕಣ್ಣು ಉರಿದಷ್ಟೂ ಮನೆ ಶುದ್ಧವಾಯಿತೆಂದು ಅವಳ ಲೆಕ್ಕ.

ಕೆಮ್ಮು ಇಳಿಯಲಿಲ್ಲ, ಏರಿತು. ಕೊನೆಗೊಂದು ದಿನ ಗಂಡ ತಟ್ಟೆಯಿಂದ ತಲೆಯೆತ್ತದೆ ಹೇಳಿದರು.

"ನಾಲ್ಕು ದಿನ ಅಂಗಡೀಲೇ ಮಲ್ಕೋತೀನಿ ಕಣೇ. ಅಲ್ಲಿ ಯಾಕೋ ಕೆಮ್ಮು ಬರಲ್ಲ."

"ಆ ಬಿಲದಲ್ಲಾ?"

"ಬಿಲಾನೋ ಏನೋ. ನಿದ್ದೆ ಬರತ್ತೆ."

ಹಾಸಿಗೆ ಸುತ್ತಿಕೊಂಡು ಹೊರಟೇಬಿಟ್ಟರು. ನಾಲ್ಕು ದಿನ ಹೋಗಿ ತಿಂಗಳಾಯಿತು. ರಾತ್ರಿ ಊಟಕ್ಕೆ ಬರುವರು, ಕೈ ತೊಳೆದವರೇ ಹೊರಡುವರು. ಅಕ್ಕನಿಗೆ ಅಳು ಬಂತು. ಇಷ್ಟು ವರ್ಷ ಗೊರಕೆಗೆ ಬೈದವಳಿಗೆ ಈಗ ಗೊರಕೆಯಿಲ್ಲದೆ ನಿದ್ದೆ ಹತ್ತಲಿಲ್ಲ. ಆದರೆ ಅಳುವಿಗಿಂತ ಹೆಚ್ಚಾಗಿ ಒಂದು ಹುಳ ತಲೆ ಹೊಕ್ಕಿತ್ತು. ಫಳಫಳ ಹೊಳೆಯುವ ಮನೆಯಲ್ಲಿ ಬರುವ ಕೆಮ್ಮು, ಸೂರಿನವರೆಗೆ ಹಳೇ ಗಡಿಯಾರ ಪೇರಿಸಿಟ್ಟ ಆ ಗೂಡಿನಲ್ಲಿ ಯಾಕೆ ಬರುವುದಿಲ್ಲ? ಇದನ್ನು ಕಣ್ಣಾರೆ ನೋಡದೆ ಬಿಡುವವಳಲ್ಲ ಅವಳು. ಮಾರನೇ ಮಧ್ಯಾಹ್ನ ಊಟದ ಕ್ಯಾರಿಯರ್ ನೆಪ ಮಾಡಿಕೊಂಡು ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ಕೂತಳು.

ಗಂಡ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೈಗಡಿಯಾರವೊಂದನ್ನು ಬಿಚ್ಚಿ ಹರವಿದ್ದರು. ಅಕ್ಕನ ಕೈ ಸುಮ್ಮನಿರಬೇಕಲ್ಲ, ಒಂದು ಬಟ್ಟೆ ತೆಗೆದುಕೊಂಡು ಪಕ್ಕದ ಕಪಾಟಿಗೆ ಪಟಪಟನೆ ಬಡಿದಳು. ಗಂಡ ತಟ್ಟನೆ ಗಾಜಿನ ಬಟ್ಟಲನ್ನು ಗಡಿಯಾರದ ಮೇಲೆ ಬೋರಲು ಹಾಕಿದರು.

"ಕೊಡವಬೇಡ ಮಾರಾಯ್ತಿ. ಎದ್ದ ಧೂಳು ಎಲ್ಲಿಗೆ ಹೋಗತ್ತೆ? ಇಲ್ಲೇ ಎಲ್ಲಾದ್ರೂ ಕೂರತ್ತೆ. ಇದರೊಳಗೆ ಕೂತ್ರೆ ನನ್ನ ಕೆಲಸ ಕೆಟ್ಟಿತು."

"ಮತ್ತೆ ನೀವು ಹೇಗೆ ಕ್ಲೀನ್ ಮಾಡ್ತೀರಿ?"

ಅವರು ಕಿಟಕಿ ಸರಳಿನ ಮೇಲೆ ಒಣಗಿದ್ದ ಬಟ್ಟೆ ತಂದು ನೀರಿಗೆ ಅದ್ದಿ, ಗಟ್ಟಿಯಾಗಿ ಹಿಂಡಿ, ಕಪಾಟಿನ ಮೇಲೆ ಮೆಲ್ಲಗೆ ಎಳೆದರು. ಬಟ್ಟೆ ಕಪ್ಪಾಯಿತು, ಗಾಳಿಗೆ ಏನೂ ಏಳಲಿಲ್ಲ. ಅದನ್ನು ಜಾಲಿಸಿ ಮತ್ತೆ ಸರಳಿಗೇ ಹಾಕಿದರು. ಕಿಟಕಿ ತೆರೆದಿತ್ತು, ಹಿಂಬಾಗಿಲೂ ತೆರೆದಿತ್ತು.

"ಫಿನಾಯಿಲ್?"

"ಕಣ್ಣಲ್ಲಿ ನೀರು ಬಂದ್ರೆ ಗಡಿಯಾರದ ಮುಳ್ಳು ಕಾಣತ್ತೇನೇ?"

ಅಕ್ಕ ಮನೆಗೆ ಬಂದಳು. ಸಂಜೆ ಎಂದಿನಂತೆ, ಬೀದಿಯ ಧೂಳು ಬರಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿ, ಫ್ಯಾನ್ ಹಾಕಿ, ಗುಡಿಸಿ, ದಿಂಬುಗಳನ್ನು ಮಂಚದ ಮೇಲೇ ಬಡಿದಳು. ಆದರೆ ಇವತ್ತು ಬಕೆಟ್ ಎತ್ತಿಕೊಳ್ಳಲಿಲ್ಲ. ಗಂಡ ಮಲಗುವ ಜಾಗದಲ್ಲಿ ಕೂತು ಕಾದಳು. ಮೇಲಿನ ಗವಾಕ್ಷಿಯಿಂದ ಇಳಿಬಿಸಿಲು ಓರೆಯಾಗಿ ಬಿದ್ದಿತ್ತು. ಅದರಲ್ಲಿ ಅವಳು ಎಬ್ಬಿಸಿದ ಧೂಳೆಲ್ಲ ಗಿರಕಿ ಹೊಡೆಯುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ, ಯಾವ ಅವಸರವೂ ಇಲ್ಲದೆ, ಗಂಡನ ದಿಂಬಿನ ಮೇಲೆ ಇಳಿಯತೊಡಗಿತು.

ದಣಿದು ಬಂದವರು ಹಸನಾದ ಕೋಣೆಯಲ್ಲಿ ಮಲಗಲಿ ಎಂದು ಸರಿಯಾಗಿ ಅವರು ಬರುವ ಹೊತ್ತಿಗೇ ಇದನ್ನೆಲ್ಲ ಮಾಡುತ್ತಿದ್ದವಳು ಅವಳೇ.

ರಜೆಯ ದಿನ ಬೆಳಿಗ್ಗೆ ಕಿಟಕಿಗಳೆಲ್ಲ ತೆರೆದವು. ದಿಂಬು, ಹೊದಿಕೆ ಅಂಗಳದ ಬಿಸಿಲಿಗೆ ಹೋದವು. ಹಿಂಡಿದ ಬಟ್ಟೆಯಲ್ಲಿ ನೆಲ ಒರೆಸಿದ್ದಾಯಿತು. ಬರೀ ನೀರು, ಒಂದಿಷ್ಟು ಸೋಪು. ಗಂಡ ಊಟಕ್ಕೆ ಬಂದವರು ಗಾಳಿ ಮೂಸಿದರು.

"ಫಿನಾಯಿಲ್ ಮುಗೀತೇನೇ? ತಂದ್ಕೊಡ್ಲಾ?"

"ಬೇಡ. ಊಟ ಆದ್ಮೇಲೆ ಸ್ವಲ್ಪ ಅಡ್ಡಾಗಿ ನೋಡಿ."

ಅವರು ಅಡ್ಡಾದರು. ಅಕ್ಕ ಬಾಗಿಲ ಹತ್ತಿರ ಕೂತು ಕಿವಿ ನಿಮಿರಿಸಿದಳು. ಕಿಟಕಿಯಿಂದ ಒಂದು ತರಗೆಲೆ ಹಾರಿ ಬಂದು ಕೋಣೆಯ ನಟ್ಟನಡುವೆ ಬಿತ್ತು. ಪೊರಕೆ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಅಕ್ಕ ಹಲ್ಲು ಕಚ್ಚಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತಳು. ಕೆಮ್ಮು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಗೊರಕೆ ಬಂತು. ಅವಳು ಅದನ್ನು ಬಿಡದೆ ಕೇಳಿದಳು.

ಎದ್ದ ಮೇಲೆ ಕೇಳಿಯೇಬಿಟ್ಟಳು. "ನಾನು ಗುಡಿಸೋದ್ರಿಂದ್ಲೇ ಕೆಮ್ಮು ಬರತ್ತೆ ಅಂತ ನಿಮಗೆ ಗೊತ್ತಿತ್ತಾ?"

"ಅನುಮಾನ ಇತ್ತು."

"ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?"

"ನೀನು ನನಗೋಸ್ಕರ ಸೊಂಟ ಮುರ್ಕೊಂಡು ಗುಡಿಸ್ತಿದ್ದೆ. ಏನಂತ ಹೇಳ್ಲಿ?" ಗಂಡ ಚಪ್ಪಲಿ ಮೆಟ್ಟಿಕೊಂಡರು. ಅಕ್ಕನ ಮುಖ ಸಪ್ಪಗಾಯಿತು.

"ಮತ್ತೆ ಅಂಗಡಿಗಾ?"

"ಹಾಸಿಗೆ ತರೋದು ಬೇಡ್ವಾ?"

ಅಕ್ಕ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡಳು. ಅವರು ಗೇಟು ದಾಟುವಷ್ಟರಲ್ಲಿ ಕೂಗಿ ಹೇಳಿದಳು.

"ಅಲ್ಲೇ ಬೀದೀಲಿ ಕೊಡವಿ ತನ್ನಿ."