ಅಪ್ಪನ ಲೇತ್‌ಗೆ ನಾನಿಟ್ಟ ಕುಂಕುಮ

ನಾನು ಚಿಕ್ಕವನಿದ್ದಾಗ ಅಪ್ಪನ ಕಾರ್ಖಾನೆಯೊಳಗೆ ಮಕ್ಕಳನ್ನು ಬಿಡುತ್ತಿದ್ದುದು ವರ್ಷಕ್ಕೆ ಒಂದೇ ದಿನ, ಆಯುಧಪೂಜೆಗೆ. ಟಿನ್ ಫ್ಯಾಕ್ಟರಿ ಬಸ್‌ಸ್ಟಾಪಿನ ಆಚೆಗಿದ್ದ ಆ ಕಾರ್ಖಾನೆಯಲ್ಲಿ ಬೋಲ್ಟು, ನಟ್ಟು ತಯಾರಾಗುತ್ತಿದ್ದವು. ನಾವಿದ್ದ ಕಗ್ಗದಾಸಪುರ ಆಗಿನ್ನೂ ಹಳ್ಳಿ. ಆ ವರ್ಷ ನಾನೂ ಅಕ್ಕನೂ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಕೆರೆ ಏರಿಯ ಮೇಲೆ ಅಪ್ಪನ ಹಿಂದೆ ನಡೆದು ಹೋದೆವು.

ಗೇಟು ದಾಟಿದೊಡನೆ ಗ್ರೀಸಿನ ವಾಸನೆ, ಅದರ ಜೊತೆಗೇ ಸೇವಂತಿಗೆ, ಊದುಬತ್ತಿ, ಒಡೆದ ಬೂದುಗುಂಬಳ. ಸಾಲು ಸಾಲು ಯಂತ್ರಗಳು ಬಾಳೆಕಂದು ಕಟ್ಟಿಸಿಕೊಂಡು, ಅರಿಶಿನ ಕುಂಕುಮ ಮೆತ್ತಿಸಿಕೊಂಡು ನಿಂತಿದ್ದವು. ಅಪ್ಪ ಕಬ್ಬಿಣ ಕಡೆಯುತ್ತಿದ್ದ ಲೇತ್ ಯಂತ್ರ ಮಾತ್ರ ಬರಿದಾಗಿತ್ತು. ಮುಖ ಕಾಣುವಷ್ಟು ಒರೆಸಿದ್ದರು, ಆದರೆ ಒಂದು ಬೊಟ್ಟೂ ಇರಲಿಲ್ಲ. ನಮ್ಮ ಮನೆಯವರು ಬುದ್ಧನ ದಾರಿ ಹಿಡಿದು ಎರಡು ವರ್ಷವಾಗಿತ್ತು. ಬೇರೆಯವರ ಪೂಜೆಗೆ ಅಪ್ಪ ಬಾಳೆಕಂದು ಹೊತ್ತು ತಂದುಕೊಡುತ್ತಿದ್ದರು, ತಮ್ಮ ಯಂತ್ರಕ್ಕೆ ಮಾತ್ರ ಪೂಜೆ ಮಾಡುತ್ತಿರಲಿಲ್ಲ.

ಅಲ್ಲೊಬ್ಬ ಸೂಪರ್‌ವೈಸರ್ ಇದ್ದ. ಹಣೆಯಲ್ಲಿ ರೂಪಾಯಿಯಗಲ ಕುಂಕುಮ. ಭಕ್ತಿ ಎಂದುಕೊಳ್ಳಬೇಡಿ ಮಕ್ಕಳೇ, ದೊಡ್ಡ ಸಾಹೇಬರು ಬರುವ ಹೊತ್ತಿಗೆ ಸರಿಯಾಗಿ ಇಟ್ಟುಕೊಂಡದ್ದು. ಚೆನ್ನಾಗಿ ಸಿಂಗರಿಸಿದ ವಿಭಾಗದವರಿಗೆ ಸ್ಟೀಲ್ ಡಬ್ಬಿಗಳ ಬಹುಮಾನವಿತ್ತು. ವರ್ಷವಿಡೀ ಯಂತ್ರಕ್ಕೆ ಎಣ್ಣೆ ಬಿಟ್ಟಿದ್ದಾರೋ ಇಲ್ಲವೋ ನೋಡದ ಆ ಮಹಾನುಭಾವನಿಗೆ, ಒಂದು ಲೇತ್ ಬೋಳಾಗಿದ್ದರೆ ಡಬ್ಬಿ ಕೈತಪ್ಪುತ್ತದೆಂಬ ಸಂಕಟ. ಅವನ ಧರ್ಮ ಆ ಡಬ್ಬಿಯೊಳಗೆ ಹಿಡಿಸುವಷ್ಟೇ ಇತ್ತು.

ಅಪ್ಪ ನಮಗೆ ಕಡ್ಲೆಪುರಿ ತರಲು ಹೋಗುವುದನ್ನೇ ಕಾದಿದ್ದು ಅವನು ಕುಂಕುಮದ ಬಟ್ಟಲು ಹಿಡಿದು ಬಂದ.

“ಏನಮ್ಮ, ನಿಮ್ಮಪ್ಪಂಗೇನು ಕಷ್ಟ? ಒಂದ್ ಬೊಟ್ಟು ತಾನೆ, ನೀನೇ ಇಟ್ಬಿಡು” ಎಂದ.

ಅಕ್ಕ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. “ಅಪ್ಪನ್ನ ಕೇಳಿ ಸಾರ್. ಅದು ಅವ್ರ ಮಷೀನು.”

ಅವನು ನನ್ನ ಕಡೆ ತಿರುಗಿದ. “ನೀನ್ ಜಾಣ ಅಲ್ವೇನೋ ಮರಿ? ಎಲ್ರೂ ನಿಮ್ಮನ್ನೇ ನೋಡ್ತಿದಾರೆ ನೋಡು.”

ಎಲ್ಲರೂ ನೋಡುತ್ತಲೇ ಇದ್ದರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಬಟ್ಟಲಿಗೆ ಬೆರಳದ್ದಿ ಒಂದಲ್ಲ, ಮೂರು ಬೊಟ್ಟು ಇಟ್ಟೆ. ಅವನು ನನ್ನ ಬೆನ್ನು ತಟ್ಟಿದ. ಅಷ್ಟು ಹೇಸಿಗೆಯ ಶಭಾಸ್ ನನಗೆ ಮತ್ತೆಂದೂ ಸಿಕ್ಕಿಲ್ಲ.

ಅಪ್ಪ ಬಂದವರು ಲೇತ್ ನೋಡಿದರು, ಆಮೇಲೆ ನನ್ನ ಬೆರಳು ನೋಡಿದರು. ಹತ್ತಿನೂಲಿನ ಉಂಡೆಗೆ ಸೀಮೆಎಣ್ಣೆ ಹಚ್ಚಿ, ಎಲ್ಲರೆದುರಿಗೇ ಮೊದಲು ಲೇತ್, ಆಮೇಲೆ ನನ್ನ ಬೆರಳು ಒರೆಸಿದರು.

“ನಿಂಗೇ ಇಡ್ಬೇಕು ಅನ್ಸಿ ಇಟ್ಟಿದ್ರೆ ಒರೆಸ್ತಿರ್ಲಿಲ್ಲ ಕಣೋ. ಹೆದ್ರಿ ಇಟ್ಟೆ ನೀನು” ಎಂದರು, ಅಷ್ಟೇ.

ಡಬ್ಬಿಗಳು ಬೇರೆ ವಿಭಾಗಕ್ಕೆ ಹೋದವು. ಮರುವಾರದಿಂದ ಅಪ್ಪನಿಗೆ ಆರು ತಿಂಗಳು ರಾತ್ರಿ ಪಾಳಿ ಬಿತ್ತು. ಹಗಲು ಅವರು ಮುಸುಕೆಳೆದು ಮಲಗಿದ್ದಾಗ ಅಕ್ಕ ನನ್ನೊಡನೆ ಮಾತಾಡುತ್ತಿರಲಿಲ್ಲ, ಅವರ ನಿದ್ದೆ ಕೆಡುತ್ತದೆಂದಷ್ಟೇ ಅಲ್ಲ.

ಆ ಕೆರೆ ಏರಿಯ ಪಕ್ಕದಲ್ಲೇ ಈಗ ನೀವಿಬ್ಬರೂ ನಾನೂ ಇರುವ ಅಪಾರ್ಟ್‌ಮೆಂಟು. ನಿಮ್ಮ ಕಾಲಕ್ಕೆ ಕೆಂಪು ಸಿಗ್ನಲ್ ದಾಟಿ ಓಡುವ ಕಾರಿನ ಹಿಂದಿನ ಗಾಜಿನಲ್ಲೂ ಒಬ್ಬ ದೇವರು, ಫುಟ್‌ಪಾತ್ ನುಂಗಿದ ಅಂಗಡಿಯ ಮೇಲೂ ಒಂದು ಬಾವುಟ. ಯಾವ ಧರ್ಮದವರೂ ಕಡಿಮೆಯಿಲ್ಲ. ದೇವರ ಮೇಲೆ ನನಗೆ ಸಿಟ್ಟಿಲ್ಲ. ಅವನನ್ನು ಬಿಲ್ಲೆಯಂತೆ ಎದೆಗೆ ಸಿಕ್ಕಿಸಿಕೊಂಡು ಪಕ್ಕದ ಮನೆಯ ಬಾಗಿಲು ತಪಾಸಣೆ ಮಾಡುವವರನ್ನು ಕಂಡರೆ ಮೈ ಉರಿಯುತ್ತದೆ.

ಮೊನ್ನೆ ನೀವು ಯಾರೋ ಹಂಚಿದ ಅಂಥದೇ ಬಾವುಟ ಹಿಡಿದು ಬಂದಿರಿ. “ತಾತ, ನಮ್ ಫ್ಲೋರಲ್ಲಿ ನಮ್ ಬಾಗ್ಲೊಂದೇ ಖಾಲಿ. ಎಲ್ರೂ ನೋಡ್ತಾರೆ. ಕಟ್ಬಿಡೋಣ್ವಾ?”

ನಿಜ ಹೇಳುತ್ತೇನೆ, ನನ್ನ ಬಾಯಿಗೆ ಮೊದಲು ಬಂದದ್ದು “ಕಟ್ಬಿಡಿ” ಎಂಬ ಮಾತೇ. ಇಷ್ಟು ವಯಸ್ಸಾದರೂ ನಾನು ಆ ಬಟ್ಟಲಿನ ಮುಂದೆಯೇ ನಿಂತಿದ್ದೆ. ಥೂ ಎನಿಸಿತು. ಆಗಲೇ ನಾನು ಎದ್ದು ಹಳೆಯ ಬನೀನಿನ ಚೂರು ಹುಡುಕಿ ತಂದು ನಿಮ್ಮ ಕೈಗೆ ಕೊಟ್ಟದ್ದು. ಆ ಸಂಜೆ ಬಾವುಟ ಮಡಿಸಿಟ್ಟು ನಾವು ಮೂವರೂ ಸೇರಿ, ಓಡಾಡುವವರೆಲ್ಲ ನೋಡುತ್ತಿರುವಾಗಲೇ, ನಮ್ಮ ಖಾಲಿ ಬಾಗಿಲನ್ನು ಮುಖ ಕಾಣುವಷ್ಟು ಒರೆಸಿದೆವು.