ಗೃಹಪ್ರವೇಶಕ್ಕೆ ಬರೆದ ರಜೆ ಚೀಟಿ

ನಮ್ಮ ಮನೆಗೆ ಬಂದವರು ಮೊದಲು ಹೊಗಳುವುದು ಗೋಡೆಗಳನ್ನು. "ಯಾರ ಕೈಲಿ ಬಣ್ಣ ಹೊಡೆಸಿದ್ರಿ ಮೇಡಂ, ಕನ್ನಡಿ ಇದ್ದಂಗೆ ಐತೆ" ಅನ್ನುತ್ತಾರೆ. ನಾನು ಕಾಫಿಯ ನೆಪ ಹೇಳಿ ಅಡುಗೆಮನೆಗೆ ಹೋಗಿಬಿಡುತ್ತೇನೆ. ಆ ಗೋಡೆಯ ಮಾತೆತ್ತಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಸಿಟ್ಟು ಮನೆಗೆ ಬಂದವರ ಮೇಲಲ್ಲ, ನನ್ನ ಮೇಲೆಯೇ.

ನಾನು ಹಿರಿಯೂರಿನಲ್ಲಿ ಹೈಸ್ಕೂಲು ಟೀಚರು. ಮೂರು ವರ್ಷದ ಹಿಂದೆ ಮನೆ ಕಟ್ಟಿಸಿದೆವು. ಬಣ್ಣ ಹೊಡೆಯಲು ಬಂದವನು ನಲವತ್ತು ದಾಟಿದ ಮನುಷ್ಯ, ಮನೆಮಾತು ತಮಿಳು. ಆರು ವರ್ಷದವನಿದ್ದಾಗ, ಯುದ್ಧಕ್ಕೆ ಹೆದರಿ ತಾಯಿಯ ಜೊತೆ ಶ್ರೀಲಂಕಾದಿಂದ ದೋಣಿ ಹತ್ತಿ ಬಂದವನು. ಅವತ್ತಿನಿಂದ ತಮಿಳುನಾಡಿನ ನಿರಾಶ್ರಿತರ ಕ್ಯಾಂಪೇ ಅವನ ಊರು. ಮದುವೆಯಾದದ್ದು, ಮಗಳು ಹುಟ್ಟಿದ್ದು, ತಾಯಿ ತೀರಿದ್ದು ಎಲ್ಲ ಅಲ್ಲೇ. ಬಿ.ಕಾಂ. ಓದಿದ್ದ. ಈ ದೇಶದವನಲ್ಲ ಅಂತ ಯಾರೂ ನೌಕರಿ ಕೊಡಲಿಲ್ಲ, ಬ್ರಷ್ ಹಿಡಿದ. "ಕ್ಯಾಂಪಲ್ಲಿ ಗಂಡಸರೆಲ್ಲ ಪೇಂಟರೇ ಅಕ್ಕ" ಅಂತ ನಗುತ್ತಿದ್ದ. ನಮ್ಮ ಕಡೆ ಎರಡು ವರ್ಷ ಕೆಲಸ ಮಾಡಿ ಕನ್ನಡವನ್ನೂ ಕಲಿತಿದ್ದ.

ತಿಂಗಳಿಗೊಮ್ಮೆ ಏಣಿ ಮಡಿಸಿಟ್ಟು ಬಸ್ಸು ಹತ್ತುತ್ತಿದ್ದ. ನಾನು ರೇಗಿಸಿದೆ. "ಏನಪ್ಪ, ಹೊಸ ಅಳಿಯನ ಥರ ತಿಂಗಳು ತಿಂಗಳು ಓಡ್ತೀಯ?"

"ಕ್ಯಾಂಪಲ್ಲಿ ಹಾಜರಿ ಅಕ್ಕ. ಆಫೀಸರು ಬಂದು ಒಬ್ಬೊಬ್ಬರ ಹೆಸರು ಕರೀತಾರೆ. ಎದುರಿಗೆ ನಿಂತಿರಬೇಕು. ಇಲ್ಲ ಅಂದ್ರೆ ಹೆಸರು ಹೊಡೆದು ಹಾಕ್ತಾರೆ. ಆಮೇಲೆ ನಿರಾಶ್ರಿತರ ಕಾರ್ಡಿಲ್ಲ, ಕ್ಯಾಂಪಿನ ಮನೆಯಿಲ್ಲ."

ನಾನು ಇಪ್ಪತ್ತು ವರ್ಷದಿಂದ ಹಾಜರಿ ಕರೆಯುತ್ತಿರುವವಳು. ಬರದ ಮಕ್ಕಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಒಂದು ಗುರುತು, ಮರುದಿನ ಅಪ್ಪನ ಸಹಿಯ ರಜೆ ಚೀಟಿ, ಅಲ್ಲಿಗೆ ಮುಗಿಯಿತು. ಹಾಜರಿ ಅಂದರೆ ಅಷ್ಟೇ ಅಂತ ತಿಳಿದಿದ್ದೆ. ಅವನ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಗೃಹಪ್ರವೇಶಕ್ಕೆ ಸೋಮವಾರ ನಿಗದಿಯಾಯಿತು. ಅವನ ಹಾಜರಿಯೂ ಅದೇ ಸೋಮವಾರ. ನಮ್ಮಲ್ಲಿ ಮನೆ ಕಟ್ಟಿದವರನ್ನು ಅವತ್ತು ಮಣೆ ಮೇಲೆ ಕೂರಿಸಿ, ಪಂಚೆ, ಶಲ್ಯ, ಎಲೆ ಅಡಿಕೆ ಕೊಡದೆ ಕಳಿಸುವುದಿಲ್ಲ. ದುಡಿದವರು ಬರಿಗೈಲಿ ಹೋದರೆ ಮನೆಗೆ ಏಳಿಗೆಯಿಲ್ಲ ಅನ್ನುತ್ತಾರೆ. ಅವನು ತಲೆ ಕೆರೆದುಕೊಂಡು ನಿಂತ. ನಮ್ಮ ಅತ್ತೆಯೇ ದಾರಿ ತೋರಿಸಿದರು. "ಭಾನುವಾರನೇ ಕೊಟ್ಟು ಕಳ್ಸಾಣ ಬಿಡವ್ವ. ಪಾಪ, ಅವನ ಪಾಡು ಅವನಿಗೆ."

ನಾನು ಕೇಳಲಿಲ್ಲ. ಹೊಳಲ್ಕೆರೆಯಿಂದ, ಹೊಸದುರ್ಗದಿಂದ ನೆಂಟರೆಲ್ಲ ಬರುವವರಿದ್ದರು. ಇಂಥ ಕೆಲಸಗಾರನನ್ನು ಅವರೆದುರು ಕೂರಿಸಿ ಮರ್ಯಾದೆ ಮಾಡಬೇಕು ಅಂತ ನನ್ನ ಹಟ. ನಿಜ ಹೇಳಬೇಕೆಂದರೆ ಆ ಮರ್ಯಾದೆ ಅವನಿಗಲ್ಲ, ನನಗೆ ಬೇಕಾಗಿತ್ತು. "ಒಂದು ಸಲ ತಪ್ಪಿದರೆ ಏನೂ ಆಗಲ್ಲ, ನಾನು ರಜೆ ಚೀಟಿ ಬರೆದುಕೊಡ್ತೀನಿ ಇರಪ್ಪ" ಅಂದೆ. ಬಂದಾಗಿನಿಂದ ಅಕ್ಕ ಅಕ್ಕ ಅಂದವನಿಗೆ ನನ್ನ ಮಾತು ತೆಗೆದುಹಾಕಲು ಬಾಯಿ ಬರಲಿಲ್ಲ. ಇದ್ದ.

ಚೀಟಿಯನ್ನು ಶಾಲೆಯ ಕಾಗದದಲ್ಲೇ, ಇಂಗ್ಲಿಷಿನಲ್ಲಿ ಬರೆದೆ. ಇವರು ಎರಡು ವರ್ಷದಿಂದ ಹಿರಿಯೂರಿನಲ್ಲೇ ಇದ್ದು ಕೆಲಸ ಮಾಡುತ್ತಿದ್ದಾರೆ, ಬಹಳ ನಂಬಿಗಸ್ತರು, ಗೃಹಪ್ರವೇಶದ ನಿಮಿತ್ತ ಒಂದು ದಿನ ಗೈರುಹಾಜರಾದದ್ದನ್ನು ಮನ್ನಿಸಬೇಕು ಅಂತ. ಮೊಹರನ್ನೂ ಒತ್ತಿದೆ. ಭಾರೀ ಉಪಕಾರ ಮಾಡಿದವಳ ಹಾಗೆ ಕವರಿಗೆ ಹಾಕಿ ಕೊಟ್ಟೆ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತಿದ್ದ. ಜೊತೆಗೆ ಹೆಂಡತಿ, ಕಾಲೇಜಿಗೆ ಹೋಗುವ ವಯಸ್ಸಿನ ಮಗಳು, ನಾಲ್ಕು ಬ್ಯಾಗು. ಉಟ್ಟಿದ್ದು ನಾವು ಕೊಟ್ಟ ಪಂಚೆಯನ್ನೇ.

"ಆಫೀಸರು ಮೊದಲು ಬೈದು ಬಿಡೋರಿದ್ರು ಅಕ್ಕ. ನಾನೇ ಚೀಟಿ ಕೊಟ್ಟೆ. ಓದಿ ಹೇಳಿದರು, ನೀನು ಎರಡು ವರ್ಷದಿಂದ ಕ್ಯಾಂಪಲ್ಲೇ ಇಲ್ಲ, ಟೀಚರೇ ಬರೆದುಕೊಟ್ಟಿದ್ದಾರಲ್ಲ ಅಂತ. ಮನೆಗೆಲ್ಲ ಒಂದೇ ಕಾರ್ಡು, ಮೂರೂ ಜನರ ಹೆಸರು ಹೊಡೆದರು. ಕಾರ್ಡು ತಗೊಂಡರು, ಮನೆ ಬಿಡಿಸಿದರು."

ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. "ನೀವು ಒಳ್ಳೇದಕ್ಕೇ ಬರೆದಿರಿ ಅಕ್ಕ" ಅಂತ ನನಗೇ ಸಮಾಧಾನ ಹೇಳಿದ. ಆಮೇಲೆ ಕೇಳಿದ, "ಮೇಲಿನ ರೂಮು ಖಾಲಿ ಇದೆಯಲ್ಲ. ಬಾಡಿಗೆಗೆ ಕೊಡ್ತೀರಾ? ಇಲ್ಲೇ ಇದ್ದುಬಿಡ್ತೀವಿ."

ಆ ರೂಮಿಗೆ ಬಣ್ಣ ಹೊಡೆದವನೂ ಅವನೇ. ಆದರೆ ನನ್ನ ಬಾಯಿಂದ ಬಂದದ್ದು ಬೇರೆ ಮಾತು. "ಬಾಡಿಗೆದಾರರ ಗುರುತಿನ ಚೀಟಿ ಪೊಲೀಸ್ ಠಾಣೆಗೆ ಕೊಡಬೇಕಪ್ಪ. ನಾನು ಸರ್ಕಾರಿ ನೌಕರಿಯವಳು. ನಾಳೆ ಯಾರಾದರೂ ಕೇಳಿದರೆ ಏನು ಹೇಳಲಿ?"

ಅತ್ತೆ ಒಳಗಿಂದ ಬಂದರು. "ನಮ್ಮಜ್ಜಿ ತವರು ಮಾರಿಕಣಿವೆ ಡ್ಯಾಮಿನ ನೀರಿನಡಿ ಐತೆ ಕಣವ್ವ. ಗಂಟುಮೂಟೆ ಹೊತ್ತು ಬಂದೋರಿಗೆ ಯಾರೋ ಜಗಲಿ ಕೊಟ್ರಂತೆ. ಚೀಟಿ ಕೇಳಿರ್ಲಿಲ್ಲ."

ನಾನು ಮತ್ತೆ ಠಾಣೆಯ ಮಾತನ್ನೇ ಹೇಳಿದೆ. ಎರಡು ತಿಂಗಳ ಹಿಂದೆ ಶಾಲೆಯ ಮೊಹರು ಒತ್ತುವಾಗ ಇಲ್ಲದ ಹೆದರಿಕೆ ಅವತ್ತು ಎಲ್ಲಿಂದಲೋ ಬಂದಿತ್ತು. ಅವನು ಹೆಂಡತಿಗೆ ತಮಿಳಿನಲ್ಲಿ ಏನೋ ಹೇಳಿದ. ಆಕೆ ಆಗಲೇ ಬ್ಯಾಗು ಎತ್ತಿಕೊಂಡಿದ್ದಳು.

"ಪರವಾಗಿಲ್ಲ ಅಕ್ಕ. ಚಿತ್ರದುರ್ಗದಲ್ಲಿ ನೋಡ್ತೀವಿ" ಅಂದ. ಕಾಫಿ ಕುಡಿದು ಹೋಗಪ್ಪ ಅಂದೆ. ಆ ಮಾತು ನೆನೆದರೆ ಇವತ್ತಿಗೂ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ. ಅವನು ನಿಲ್ಲಲಿಲ್ಲ. ಆಮೇಲೆ ಅವನ ಸುದ್ದಿ ತಿಳಿಯಲಿಲ್ಲ, ಹೋಗಿ ವಿಚಾರಿಸುವ ಧೈರ್ಯವನ್ನೂ ನಾನು ಮಾಡಲಿಲ್ಲ.

ಅವತ್ತು ಅವರು ಬೀದಿಯ ತಿರುವು ದಾಟುವ ತನಕ ಅತ್ತೆ ಹೊಸಿಲ ಮೇಲೆ ನಿಂತಿದ್ದರು. ಒಳಗೆ ಬಂದು, ನನ್ನ ಮುಖ ನೋಡದೆ ಹೇಳಿದರು.

"ನೀನು ಇರು ಅಂದಾಗ ಅವನು ಇದ್ದ. ಅವನು ಇರ್ತೀನಿ ಅಂದಾಗ ನೀನು ಹೋಗು ಅಂದೆ."